ಮೂತ್ರ ಪರೀಕ್ಷೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ಗೊತ್ತಾಗುತ್ತದೆಯೇ?

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ ಎಂದು ವೈದ್ಯರಿಗೆ ತೋರಿಸಿದೆವು. ರಕ್ತದ ಪಿಎಸ್‌ಎ 6.1 ಬಂದಿದೆ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಏನೂ ದೋಷವಿಲ್ಲ. ಎಂಆರ್‌ಐ ಬೇಕು, ಬಯಾಪ್ಸಿಯೂ ಬೇಕಾಗಬಹುದು ಎಂದಿದ್ದಾರೆ. ಬಯಾಪ್ಸಿಯ ಹೆಸರೆತ್ತಿದರೆ ಅಪ್ಪ ಊಟ ಬಿಟ್ಟು ಕೂರುತ್ತಾರೆ. ಮೂತ್ರದಿಂದಲೇ ಪ್ರಾಸ್ಟೇಟ್ ಕ್ಯಾನ್ಸರನ್ನು ಬೇಗ ಪತ್ತೆ ಮಾಡುವ ಸೂಚಕಗಳು ಬಂದಿವೆ ಎಂದು ಓದಿದೆ. ಆ ಪರೀಕ್ಷೆ ಮಾಡಿಸಿದರೆ ಬಯಾಪ್ಸಿ ತಪ್ಪುತ್ತದೆಯೇ? ನನಗೆ 36. ನಾನೂ ಈಗಲೇ ಮಾಡಿಸಿಕೊಳ್ಳಬಹುದೇ?

ಉತ್ತರ: ತಪ್ಪಲೂಬಹುದು. ಆದರೆ ಆ ಪರೀಕ್ಷೆಗಳಿಂದ ನೀವು ನಿರೀಕ್ಷಿಸುತ್ತಿರುವುದು ಒಂದು, ಅವು ಕೊಡುವುದು ಇನ್ನೊಂದು. ಕ್ಯಾನ್ಸರ್ ಇದೆ ಅಥವಾ ಇಲ್ಲ ಎಂಬ ತೀರ್ಪನ್ನು ಮೂತ್ರದ ಸೂಚಕಗಳು ಕೊಡುವುದಿಲ್ಲ. ಪಿಎಸ್‌ಎ ಏರಿ ಅನುಮಾನ ಹುಟ್ಟಿದ ಮೇಲೆ, ಈ ವ್ಯಕ್ತಿಗೆ ಈಗ ಬಯಾಪ್ಸಿ ಮಾಡಬೇಕೇ, ಸದ್ಯಕ್ಕೆ ಕಾಯಬಹುದೇ ಎಂಬ ಒಂದು ಪ್ರಶ್ನೆಗೆ ಅವು ಅಂದಾಜು ಹೇಳುತ್ತವೆ. ಖಚಿತವಾದ ಉತ್ತರ ಇಂದಿಗೂ ಬಯಾಪ್ಸಿಯಿಂದ, ಅಂದರೆ ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ ಅಂಗಾಂಶದ ಚೂರಿನಿಂದಲೇ ಬರಬೇಕು.

ಮೊದಲು ಎರಡು ಗೊಂದಲಗಳನ್ನು ಬಗೆಹರಿಸುತ್ತೇನೆ. ಮಾಮೂಲಿ ಮೂತ್ರ ಪರೀಕ್ಷೆ ನೋಡುವುದು ಸಕ್ಕರೆ, ಪ್ರೋಟೀನ್, ಕೀವು ಕಣ, ರಕ್ತ ಕಣ ಇತ್ಯಾದಿಗಳನ್ನು. ಅದು ಸರಿಯಿದ್ದರೆ ಸೋಂಕಿಲ್ಲ ಎಂದು ನೆಮ್ಮದಿಪಡಬಹುದು, ಅಷ್ಟೆ. ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇನ್ನು ರಾತ್ರಿ ಏಳುವ ವಿಚಾರ. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಬುಡದಲ್ಲಿ ಕುಳಿತಿರುತ್ತದೆ, ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಿನ ಜೊತೆ ಹಿಗ್ಗುವುದು ನಾಳವನ್ನು ಸುತ್ತುವರಿದ ಒಳಭಾಗ. ಹಾಗಾಗಿ ಧಾರೆ ಸಣ್ಣಗಾಗುವುದು, ಪದೇ ಪದೇ ಏಳುವುದು ಎಲ್ಲ ಬಹುಮಟ್ಟಿಗೆ ಈ ಹಿಗ್ಗುವಿಕೆಯ ಲಕ್ಷಣಗಳು. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ, ನಾಳದಿಂದ ದೂರದಲ್ಲಿ. ಆರಂಭದಲ್ಲಿ ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ನಿಮ್ಮ ತಂದೆಯವರನ್ನು ವೈದ್ಯರ ಬಳಿಗೆ ಕರೆದೊಯ್ದ ತೊಂದರೆಗೂ ಈಗ ನಿಮ್ಮನ್ನು ಕಾಡುತ್ತಿರುವ ಅನುಮಾನಕ್ಕೂ ಸಂಬಂಧವೇ ಇಲ್ಲದಿರಬಹುದು.

ಪಿಎಸ್‌ಎ ಎಂಬುದು ಕ್ಯಾನ್ಸರಿನ ವಸ್ತುವಲ್ಲ. ವೀರ್ಯವನ್ನು ತೆಳುಗೊಳಿಸಲು ಪ್ರಾಸ್ಟೇಟ್ ತಯಾರಿಸುವ ಒಂದು ಕಿಣ್ವ ಅದು. ಆರೋಗ್ಯವಂತ ಗ್ರಂಥಿಯೂ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ರಕ್ತಕ್ಕೆ ಮಾತ್ರ ಅತ್ಯಲ್ಪ ಸೋರುತ್ತದೆ. ಗ್ರಂಥಿಯ ಒಳಗಿನ ಗೋಡೆಗಳು ಸಡಿಲವಾದರೆ ಸೋರಿಕೆ ಹೆಚ್ಚುತ್ತದೆ. ಸಡಿಲವಾಗಲು ಕ್ಯಾನ್ಸರ್ ಒಂದು ಕಾರಣ. ಹಿಗ್ಗುವಿಕೆ, ಸೋಂಕು, ಉರಿಯೂತ, ಮೂತ್ರದ ಕೊಳವೆ ಹಾಕಿರುವುದು ಉಳಿದ ಕಾರಣಗಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪರೀಕ್ಷೆಗೆ 1986ರಲ್ಲಿ ಒಪ್ಪಿಗೆ ಕೊಟ್ಟಿದ್ದು ಚಿಕಿತ್ಸೆ ಪಡೆದ ರೋಗಿಗಳ ಮೇಲೆ ಕಣ್ಣಿಡಲು. ರೋಗ ಪತ್ತೆಯ ನೆರವಿಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಆಗಿನಿಂದ ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ ಎಂಬ ಗೆರೆ ಬಳಕೆಗೆ ಬಂತು. ಆದರೆ ಈ ಗೆರೆ ಎರಡೂ ಕಡೆ ಸೋರುತ್ತದೆ. 4ರಿಂದ 10ರ ನಡುವೆ ಬಂದವರಿಗೆ ಬಯಾಪ್ಸಿ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಇತ್ತ 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಬಯಾಪ್ಸಿ ಮಾಡಿದಾಗ ಶೇ 15ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡಿತು.

ಮೂತ್ರದ ಸೂಚಕಗಳ ಹುಡುಕಾಟ ಶುರುವಾದದ್ದು ಈ ಕಿರಿಕಿರಿಯಿಂದ. ಆಲೋಚನೆ ಸರಳ: ಗ್ರಂಥಿಯ ಸಣ್ಣ ಸಣ್ಣ ನಾಳಗಳು ತೆರೆದುಕೊಳ್ಳುವುದು ಮೂತ್ರನಾಳಕ್ಕೆ. ಅಲ್ಲಿಂದ ಉದುರಿದ ಜೀವಕೋಶಗಳು ಮೂತ್ರದ ಜೊತೆ ಹೊರಬರುತ್ತವೆ. ಸೂಜಿ ಚುಚ್ಚಿ ತೆಗೆಯುವುದನ್ನು ದೇಹ ತಾನಾಗಿಯೇ ಕೊಡುತ್ತಿದ್ದರೆ ಅದನ್ನು ಹಿಡಿದು ನೋಡಬಾರದೇಕೆ?

ಈ ದಾರಿಯಲ್ಲಿ ಮೊದಲು ಗೆದ್ದದ್ದು ಪಿಸಿಎ3. 1999ರಲ್ಲಿ ವರದಿಯಾದ ಈ ಜೀನ್ ಸ್ವಲ್ಪ ವಿಚಿತ್ರ. ಅದರಿಂದ ಆರ್‌ಎನ್‌ಎ, ಅಂದರೆ ಜೀನಿನ ನಕಲು ಪ್ರತಿ, ತಯಾರಾಗುತ್ತದೆ, ಆದರೆ ಆ ಆರ್‌ಎನ್‌ಎಯಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಶೇ 95ಕ್ಕೂ ಹೆಚ್ಚಿನವು ಇದನ್ನು ಸಾಮಾನ್ಯ ಅಂಗಾಂಶಕ್ಕಿಂತ ಹತ್ತಾರು ಪಟ್ಟು ಅಧಿಕವಾಗಿ ತಯಾರಿಸುತ್ತವೆ. ಪ್ರೋಟೀನ್ ಇಲ್ಲದ್ದರಿಂದ ಪಿಎಸ್‌ಎಯಂತೆ ಅಳೆಯಲಾಗದು. ಮೂತ್ರದಲ್ಲಿರುವ ಆರ್‌ಎನ್‌ಎಯನ್ನೇ ಎಣಿಸಬೇಕು. ಆದರೆ ಎಷ್ಟು ಜೀವಕೋಶಗಳಿಂದ ಬಂದದ್ದು ಎಂದು ತಿಳಿಯದೆ ಎಣಿಸಿದ ಸಂಖ್ಯೆಗೆ ಅರ್ಥವಿಲ್ಲ. ಅದಕ್ಕಾಗಿ ಅದೇ ಮೂತ್ರದಲ್ಲಿ ಪಿಎಸ್‌ಎ ಜೀನಿನ ಆರ್‌ಎನ್‌ಎಯನ್ನೂ ಎಣಿಸಿ, ಪಿಸಿಎ3ಯನ್ನು ಅದರಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ, ಬಂದ ಸಂಖ್ಯೆಯೇ ಪರೀಕ್ಷೆಯ ಅಂಕ. ರಕ್ತದಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಪಿಎಸ್‌ಎ ಇಲ್ಲಿ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಅದೇ ತೀರಾ ಕಡಿಮೆಯಿದ್ದರೆ ಪ್ರಾಸ್ಟೇಟಿನ ಜೀವಕೋಶಗಳು ಬಾಟಲಿಗೆ ಬಂದೇ ಇಲ್ಲ ಎಂದರ್ಥ, ಮಾದರಿಯನ್ನು ಮತ್ತೆ ಕೊಡಬೇಕು.

ಮಾದರಿ ಕೊಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲಿಯೇ. ವೈದ್ಯರು ಕೈಗವಸು ತೊಟ್ಟು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಒತ್ತಿ ಸವರುತ್ತಾರೆ. ಮೇಲಿನಿಂದ ಕೆಳಕ್ಕೆ, ಹೊರ ಅಂಚಿನಿಂದ ನಡುಗೆರೆಯ ಕಡೆಗೆ, ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ. ನೋವಿಗಿಂತ ಮುಜುಗರವೇ ಹೆಚ್ಚು, ಅರ್ಧ ನಿಮಿಷದ ಕೆಲಸ. ಇದರಿಂದ ನಾಳಗಳಲ್ಲಿರುವುದು ಮೂತ್ರನಾಳಕ್ಕೆ ಇಳಿದು ನಿಲ್ಲುತ್ತದೆ. ಆಮೇಲೆ ಹೊರಡುವ ಮೂತ್ರದ ಮೊದಲ 20–30 ಮಿಲಿಲೀಟರ್ ಆ ಸರಕನ್ನೆಲ್ಲ ತೊಳೆದುಕೊಂಡು ಬರುತ್ತದೆ. ನಮಗೆ ಬೇಕಾದದ್ದು ಅದು. ಆದರೆ ಮೂತ್ರ ಪರೀಕ್ಷೆ ಎಂದರೆ ಮೊದಲಿನದನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕು ಎಂದು ನಾವೇ ಜನರಿಗೆ ವರ್ಷಗಟ್ಟಲೆ ಕಲಿಸಿದ್ದೇವೆ. ನನ್ನಲ್ಲಿಗೆ ಬಂದಿದ್ದ ಶಿಸ್ತಿನ ಹಿರಿಯರೊಬ್ಬರು ಹಾಗೆಯೇ ಮೊದಲ ಧಾರೆಯನ್ನು ಚೆಲ್ಲಿ, ತಿಳಿಯಾದ ಮೂತ್ರವನ್ನು ಬಾಟಲಿಯ ತುಂಬ ಹಿಡಿದು ತಂದರು. ಎಷ್ಟು ಚೊಕ್ಕವಾಗಿ ತಂದಿದ್ದೇನೆ ನೋಡಿ ಎಂಬ ಸಂತೋಷ ಮುಖದ ಮೇಲಿತ್ತು. ಬೇಕಾದದ್ದೆಲ್ಲ ಶೌಚಾಲಯಕ್ಕೆ ಹೋಗಿತ್ತು. ತಪ್ಪು ಅವರದಲ್ಲ, ಮೊದಲೇ ಬಿಡಿಸಿ ಹೇಳದ ನನ್ನದು. ಇನ್ನೊಂದು ಅಪಾಯ ಸಮಯ. ಆರ್‌ಎನ್‌ಎ ಬಹು ಬೇಗ ಚೂರಾಗುವ ವಸ್ತು. ಮೂತ್ರವನ್ನು ಕೆಲವೇ ಗಂಟೆಗಳೊಳಗೆ, ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣವಿರುವ ನಳಿಕೆಗೆ ವರ್ಗಾಯಿಸಬೇಕು. ಮನೆಯಲ್ಲಿ ಹಿಡಿದು, ಚೀಲದಲ್ಲಿಟ್ಟು, ಸಂಜೆ ತಲುಪಿಸಿದ ಮಾದರಿ ಈ ಪರೀಕ್ಷೆಗೆ ನಿರುಪಯೋಗಿ.

ಪಿಸಿಎ3ಗೆ 2012ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಯ ಮಾತುಗಳು ಗಮನಿಸುವಂಥವು: 50 ದಾಟಿದ, ಈಗಾಗಲೇ ಒಮ್ಮೆಯಾದರೂ ಬಯಾಪ್ಸಿ ಆಗಿ ಏನೂ ಸಿಗದ ಪುರುಷರಿಗೆ, ಮತ್ತೊಮ್ಮೆ ಬಯಾಪ್ಸಿ ಬೇಕೇ ಎಂದು ನಿರ್ಧರಿಸಲು. ಅಂಕ 25ಕ್ಕಿಂತ ಕಡಿಮೆಯಿದ್ದರೆ ಮರುಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗುವ ಸಂಭವ ಕಡಿಮೆ. ಊರಿಗೆಲ್ಲ ಮಾಡಿಸುವ ತಪಾಸಣೆಯಾಗಿ ಅದು ಎಂದೂ ಒಪ್ಪಿಗೆ ಪಡೆಯಲಿಲ್ಲ.

ಪಿಸಿಎ3ಯ ದೊಡ್ಡ ಕೊರತೆ ಬೇರೆಯೇ ಇತ್ತು. ಕ್ಯಾನ್ಸರ್ ಇರುವ ಸುಳಿವನ್ನು ಅದು ಕೊಡುತ್ತದೆ, ಆದರೆ ಆ ಕ್ಯಾನ್ಸರ್ ಎಂಥದ್ದು ಎಂದು ಹೇಳುವುದರಲ್ಲಿ ದುರ್ಬಲ. ಪ್ರಾಸ್ಟೇಟ್ ವಿಷಯದಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆ. ಬೇರೆ ಕಾರಣಗಳಿಂದ ತೀರಿಕೊಂಡ ವಯಸ್ಸಾದ ಗಂಡಸರ ಮರಣೋತ್ತರ ಪರೀಕ್ಷೆಗಳಲ್ಲಿ, ಬದುಕಿದ್ದಾಗ ಯಾವ ಕಾಟವನ್ನೂ ಕೊಡದ ಪುಟ್ಟ ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಬಹಳ ಮಂದಿಯಲ್ಲಿ ಸಿಗುತ್ತವೆ. ಬಯಾಪ್ಸಿಯ ವರದಿಯಲ್ಲಿ, ಅಂಗಾಂಶದ ರೂಪ ನೋಡಿ, ಇವನ್ನು ಗ್ಲೀಸನ್ ಅಂಕ 6, ಅಂದರೆ ಗ್ರೇಡ್ 1 ಎಂದು ಬರೆಯುತ್ತಾರೆ. ಗ್ರೇಡ್ 2ರಿಂದ 5ರವರೆಗಿನವು ಎಚ್ಚರ ಬೇಕಾದವು. 'ಬೇಗ ಪತ್ತೆ' ಎಂಬ ಮಾತು ಕೇಳಲು ಹಿತ, ಆದರೆ ಏನನ್ನು ಬೇಗ ಪತ್ತೆ ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳದಿದ್ದರೆ, ಸುಮ್ಮನೆ ಮಲಗಿದ್ದದ್ದನ್ನು ಎಬ್ಬಿಸಿ ಚಿಕಿತ್ಸೆ ಕೊಟ್ಟು, ಮೂತ್ರದ ಹಿಡಿತವನ್ನೂ ಲೈಂಗಿಕ ಶಕ್ತಿಯನ್ನೂ ಕಳೆದುಕೊಳ್ಳುವಂತೆ ಮಾಡುತ್ತೇವೆ. ಹಿಂದೆ ಹೀಗೆ ಸಾಕಷ್ಟು ಆಗಿದೆ.

ಆದ್ದರಿಂದ ಆಮೇಲೆ ಬಂದ ಪರೀಕ್ಷೆಗಳು ಗ್ರೇಡ್ 2 ಮತ್ತು ಮೇಲಿನದನ್ನು ಗುರಿಯಾಗಿಟ್ಟುಕೊಂಡವು. ಸೆಲೆಕ್ಟ್ ಎಂಡಿಎಕ್ಸ್ ಎಂಬುದು ಹಾಕ್ಸ್‌ಸಿ6, ಡಿಎಲ್‌ಎಕ್ಸ್1 ಎಂಬ ಎರಡು ಜೀನ್‌ಗಳ ಆರ್‌ಎನ್‌ಎಯನ್ನು ಅಳೆದು, ವಯಸ್ಸು, ಪಿಎಸ್‌ಎ ಮುಂತಾದವುಗಳ ಜೊತೆ ಸೇರಿಸಿ ಲೆಕ್ಕ ಹಾಕುತ್ತದೆ. ಎಕ್ಸೋಡಿಎಕ್ಸ್ ಎಂಬುದು ಎಕ್ಸೋಸೋಮ್‌ಗಳನ್ನು ಹಿಡಿಯುತ್ತದೆ. ಇವು ಜೀವಕೋಶಗಳು ಹೊರಕ್ಕೆ ಬಿಡುವ ಅತಿ ಸೂಕ್ಷ್ಮ ಗುಳ್ಳೆಗಳು. ಒಳಗಿನ ಆರ್‌ಎನ್‌ಎಗೆ ಗುಳ್ಳೆಯ ಪೊರೆಯೇ ರಕ್ಷಣೆ. ಅದರಿಂದ ಬೆರಳು ಪರೀಕ್ಷೆಯಿಲ್ಲದೆ ಕೊಟ್ಟ ಮೂತ್ರವೂ ಸಾಕು, ಆದರೆ ಇಲ್ಲೂ ಮೊದಲ ಧಾರೆಯೇ ಬೇಕು. 50 ದಾಟಿದ, ಪಿಎಸ್‌ಎ 2ರಿಂದ 10ರ ನಡುವಿನ 519 ಪುರುಷರಲ್ಲಿ ಇದನ್ನು ಒರೆಗೆ ಹಚ್ಚಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಂಕ 15.6ರ ಒಳಗಿದ್ದವರಿಗೆ ಬಯಾಪ್ಸಿ ಬೇಡ ಎಂದಿದ್ದರೆ ಶೇ 27ರಷ್ಟು ಬಯಾಪ್ಸಿಗಳು ಉಳಿಯುತ್ತಿದ್ದವು, ಮತ್ತು ಹಾಗೆ ಬಿಟ್ಟವರಲ್ಲಿ ಶೇ 91ರಷ್ಟು ಮಂದಿಗೆ ಗ್ರೇಡ್ 2 ಅಥವಾ ಮೇಲಿನ ಕ್ಯಾನ್ಸರ್ ಇರಲಿಲ್ಲ. ಒಳ್ಳೆಯ ಫಲಿತಾಂಶವೇ. ಆದರೆ ಉಳಿದ ಶೇ 9ರ ಕಡೆಗೂ ಒಮ್ಮೆ ನೋಡಿ.

ಇನ್ನೊಂದು ಸೂಚಕದ ಹುಟ್ಟು ನನಗೆ ಇವತ್ತಿಗೂ ಬೆರಗು. 2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಎರಡು ಜೀನ್‌ಗಳು ಬೆಸೆದುಕೊಂಡಿರುವುದನ್ನು ಕಂಡುಹಿಡಿಯಿತು. ಎರಡೂ 21ನೇ ವರ್ಣತಂತುವಿನಲ್ಲಿರುವವು. ಟಿಎಂಪಿಆರ್‌ಎಸ್‌ಎಸ್2 ಎಂಬುದು ಗಂಡು ಹಾರ್ಮೋನು ಸಿಕ್ಕಿದಾಗ ಚಾಲೂ ಆಗುವ ಜೀನ್. ಇಆರ್‌ಜಿ ಎಂಬುದು ಬೆಳವಣಿಗೆಗೆ ಚಿತಾವಣೆ ಕೊಡುವ ಜೀನ್. ನಡುವಿನ ತುಂಡು ಕಳಚಿಬಿದ್ದು ಮೊದಲಿನದರ ಸ್ವಿಚ್ಚು ಎರಡನೆಯದಕ್ಕೆ ಜೋಡಣೆಯಾಗುತ್ತದೆ. ಆಮೇಲೆ ಹಾರ್ಮೋನು ಬಂದಾಗಲೆಲ್ಲ ಬೆಳವಣಿಗೆಯ ಜೀನ್ ಉರಿಯತೊಡಗುತ್ತದೆ. ಈ ಬೆಸುಗೆ ಮೂತ್ರದಲ್ಲಿ ಕಂಡಿತೆಂದರೆ ಅದು ಬಲವಾದ ಸುಳಿವು. ಕಾಣಲಿಲ್ಲವೆಂದರೆ ಹೆಚ್ಚೇನೂ ಹೇಳಿದಂತಾಗದು, ಏಕೆಂದರೆ ಯೂರೋಪ್ ಮೂಲದವರ ಕ್ಯಾನ್ಸರ್‌ಗಳಲ್ಲೇ ಅದು ಇರುವುದು ಸುಮಾರು ಅರ್ಧದಷ್ಟರಲ್ಲಿ. ಏಷ್ಯಾ ಮೂಲದವರಲ್ಲಿ ಇನ್ನೂ ಕಡಿಮೆ. ಅದಕ್ಕೆ ಇದನ್ನು ಒಂಟಿಯಾಗಿ ಬಳಸದೆ ಪಿಸಿಎ3 ಮತ್ತು ಪಿಎಸ್‌ಎ ಜೊತೆ ಸೇರಿಸಿದರು. ಅದೇ ವಿಶ್ವವಿದ್ಯಾಲಯದಿಂದ 18 ಜೀನ್‌ಗಳನ್ನು ಅಳೆಯುವ ಮೈಪ್ರಾಸ್ಟೇಟ್‌ಸ್ಕೋರ್ 2.0 ಎಂಬುದು 2024ರಲ್ಲಿ ವರದಿಯಾಯಿತು. ಒಂದು ಜನಸಮುದಾಯದಲ್ಲಿ ಹದಗೊಳಿಸಿದ ಗೆರೆ ಇನ್ನೊಂದಕ್ಕೆ ಹಾಗೆಯೇ ಹೊಂದುತ್ತದೆ ಎಂದು ಭಾವಿಸಬಾರದು. ವರದಿ ಕೈಗೆ ಬಂದಾಗ ಈ ಪ್ರಶ್ನೆಯನ್ನು ವೈದ್ಯರಿಗೆ ಕೇಳಲು ಹಿಂಜರಿಯಬೇಡಿ.

ಸದ್ದು ಮಾಡಿ ಮರೆಯಾದವೂ ಇವೆ. ಸಾರ್ಕೋಸಿನ್ ಎಂಬ ಅಮೈನೋ ಆಮ್ಲ 2009ರಲ್ಲಿ ಭಾರಿ ಸುದ್ದಿಯಾಯಿತು. ಬೇರೆ ಪ್ರಯೋಗಾಲಯಗಳು ಅಳೆದು ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ನಾಯಿಗಳ ಕಥೆ ಇನ್ನೂ ಸ್ವಾರಸ್ಯಕರ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ತರಬೇತಿ ಕೊಟ್ಟ ಬೆಲ್ಜಿಯನ್ ಮ್ಯಾಲಿನೋಯಿ ನಾಯಿಯೊಂದು ಮೂತ್ರವನ್ನು ಮೂಸಿ 33 ಕ್ಯಾನ್ಸರ್ ಮಾದರಿಗಳಲ್ಲಿ 30ನ್ನು ಗುರುತಿಸಿತು. ಕ್ಯಾನ್ಸರ್ ಇಲ್ಲದಿದ್ದರೂ ಇದೆ ಎಂದು ತೋರಿಸಿದ ಮೂವರಲ್ಲಿ ಒಬ್ಬರಿಗೆ ಮರುಬಯಾಪ್ಸಿ ಮಾಡಿದಾಗ ಕ್ಯಾನ್ಸರ್ ಸಿಕ್ಕಿತು! ಮೂತ್ರದಲ್ಲಿ ವಾಸನೆಯಾಗಿ ಏನೋ ಬರುತ್ತಿದೆ ಎಂಬುದಕ್ಕೆ ಇದು ಪುರಾವೆ. ಆದರೆ ನಾಯಿ ಹಿಡಿದದ್ದು ಯಾವ ವಸ್ತುವನ್ನು ಎಂದು ತಿಳಿಯದೆ ಅದನ್ನು ಪ್ರಯೋಗಾಲಯದ ಯಂತ್ರಕ್ಕೆ ಕಲಿಸುವುದು ಹೇಗೆ?

ಈಗ ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದಕ್ಕೂ ಅದರಿಂದ ದಾರಿ ತೆರೆಯುತ್ತದೆ. ಲೆಕ್ಕಕ್ಕೆಂದು ನಾನೇ ಕೆಲವು ಅಂಕಿ ಹಿಡಿಯುತ್ತೇನೆ. ಒಂದು ಪರೀಕ್ಷೆ ಅಪಾಯಕಾರಿ ಕ್ಯಾನ್ಸರ್ ಇರುವ ನೂರರಲ್ಲಿ 92 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 36 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ ಎಂದುಕೊಳ್ಳಿ. ನಿಮ್ಮ ತಂದೆಯಂತೆ ಪಿಎಸ್‌ಎ ಏರಿದ ನೂರು ಮಂದಿಯಲ್ಲಿ 25 ಜನಕ್ಕೆ ಅಂಥ ಕ್ಯಾನ್ಸರ್ ಇದೆ ಎಂದಿಟ್ಟುಕೊಂಡರೆ ಪರೀಕ್ಷೆ 23 ಜನರನ್ನು ಹಿಡಿಯುತ್ತದೆ, ಇಬ್ಬರನ್ನು ಬಿಡುತ್ತದೆ, ಮತ್ತು ಕ್ಯಾನ್ಸರ್ ಇಲ್ಲದ 27 ಮಂದಿಯನ್ನು ಬಯಾಪ್ಸಿಯಿಂದ ಪಾರು ಮಾಡುತ್ತದೆ. ಒಪ್ಪಬಹುದಾದ ವ್ಯವಹಾರ. ಇದೇ ಪರೀಕ್ಷೆಯನ್ನು ಯಾವ ಅನುಮಾನವೂ ಇಲ್ಲದ ಸಾವಿರ ಜನಕ್ಕೆ ಮಾಡಿ. ಅವರಲ್ಲಿ 20 ಮಂದಿಗೆ ಕ್ಯಾನ್ಸರ್ ಇದ್ದರೆ 18 ಜನರನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ 627 ಜನರನ್ನು ಹೆದರಿಸಿ ಕಳಿಸುತ್ತದೆ. ಪರೀಕ್ಷೆ ಅದೇ, ಯಾರಿಗೆ ಮಾಡಿದೆವು ಎಂಬುದಷ್ಟೇ ಬದಲಾಯಿತು. 36ರ ನಿಮಗೆ ನಾನು ಬೇಡ ಎನ್ನುವುದು ಇದಕ್ಕೇ.

ನಿಮ್ಮ ತಂದೆಯವರ ವಿಷಯದಲ್ಲಿ ನಾನಾದರೆ ಮೊದಲು ಮಾಡುವುದು ಪಿಎಸ್‌ಎ ಪರೀಕ್ಷೆಯನ್ನೇ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸುವುದು, ಅದೇ ಪ್ರಯೋಗಾಲಯದಲ್ಲಿ, ಸೋಂಕಿಲ್ಲದಾಗ, ಹಿಂದಿನ ಎರಡು ದಿನ ವೀರ್ಯಸ್ಖಲನವಿಲ್ಲದೆ. ಎರಡನೇ ಸಲ ತಾನಾಗಿಯೇ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, 6.1 ಎಂದರೆ ನಿಜದಲ್ಲಿ 12ರ ಆಸುಪಾಸು ಎಂದು ಓದಬೇಕಾಗುತ್ತದೆ. ಬೆರಳು ಪರೀಕ್ಷೆಯಲ್ಲಿ ಗಟ್ಟಿ ಗಂಟು ಸಿಕ್ಕಿದರೆ ಮೂತ್ರದ ಸೂಚಕ ಏನೇ ಹೇಳಲಿ, ಬಯಾಪ್ಸಿ ಮಾಡಲೇಬೇಕು.

ಮತ್ತೆಯೂ 6ರ ಹತ್ತಿರವೇ ಇದ್ದರೆ ಎಂಆರ್‌ಐ. ಎಂಆರ್‌ಐ ಮತ್ತು ಮೂತ್ರದ ಸೂಚಕ ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಎಂಆರ್‌ಐ ಎನ್ನುತ್ತೇನೆ. ಮೂತ್ರ ಅಪಾಯದ ಅಂದಾಜು ಕೊಡುತ್ತದೆ, ಜಾಗ ತೋರಿಸುವುದಿಲ್ಲ. ಎಂಆರ್‌ಐ ಜಾಗವನ್ನೂ ತೋರಿಸುತ್ತದೆ, ಸೂಜಿ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನ, ಮೊದಲು ಎಂಆರ್‌ಐ ಮಾಡಿದರೆ ಕಾಲು ಭಾಗದಷ್ಟು ಮಂದಿ ಬಯಾಪ್ಸಿಯಿಂದ ಪಾರಾಗಬಹುದು ಎಂದು ತೋರಿಸಿತು. ಅದೇ ಎಂಆರ್‌ಐಯಿಂದ ಗ್ರಂಥಿಯ ಗಾತ್ರವೂ ಸಿಗುತ್ತದೆ. ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿ ನೋಡಿ. ಗ್ರಂಥಿ 60 ಮಿಲಿಲೀಟರ್ ಇದ್ದರೆ 6.1ಕ್ಕೆ 0.10 ಬರುತ್ತದೆ, ದೊಡ್ಡ ಗ್ರಂಥಿಯ ದೊಡ್ಡ ಸೋರಿಕೆ ಎಂದು ಸಮಾಧಾನಪಡಬಹುದು. 30 ಇದ್ದರೆ 0.20. ಸಾಮಾನ್ಯವಾಗಿ 0.15 ದಾಟಿದರೆ ನಾವು ಎಚ್ಚರಗೊಳ್ಳುತ್ತೇವೆ. ಎಂಆರ್‌ಐ ವರದಿಯಲ್ಲಿ ಪಿರಾಡ್ಸ್ ಎಂದು 1ರಿಂದ 5ರವರೆಗಿನ ಅಂಕ ಇರುತ್ತದೆ. 4 ಅಥವಾ 5 ಬಂದರೆ ಬಯಾಪ್ಸಿ. 1 ಅಥವಾ 2 ಬಂದು, ಭಾಗಿಸಿದಾಗ ಬಂದ ಸಂಖ್ಯೆಯೂ ಕಡಿಮೆಯಿದ್ದರೆ ಪಿಎಸ್‌ಎ ನೋಡುತ್ತ ಕಾಯಬಹುದು. ನಡುವಿನ 3 ಬಂದು ವೈದ್ಯರೂ ನೀವೂ ಅತ್ತಿತ್ತ ಹೊಯ್ದಾಡುವಾಗ ಮೂತ್ರದ ಸೂಚಕ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗದೆ ಪಿಎಸ್‌ಎ ಏರುತ್ತಲೇ ಇದ್ದಾಗಲೂ ಅಷ್ಟೆ.

ತಂದೆಯವರ ಭಯದ ಬಗ್ಗೆ ಒಂದು ಮಾತು. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಯಾರಾದರೂ ಅವರ ಕಿವಿಗೆ ಹಾಕಿದ್ದಾರೆಯೇ, ವಿಚಾರಿಸಿ. ಆ ನಂಬಿಕೆಗೆ ಆಧಾರವಿಲ್ಲ. ಜಾಗವನ್ನು ಮರಗಟ್ಟಿಸಿ ಕೂದಲಿನಂಥ ಹತ್ತು ಹನ್ನೆರಡು ಎಳೆ ಅಂಗಾಂಶ ತೆಗೆಯುತ್ತಾರೆ. ಈಗ ಗುದನಾಳದ ಬದಲು ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಸೂಜಿ ಹಾಕುವ ವಿಧಾನ ಬಳಕೆಗೆ ಬಂದಿದೆ, ಅದರಲ್ಲಿ ಸೋಂಕು ಅಪರೂಪ. ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಿಸಬಹುದು. ವೀರ್ಯದ ಮಾತನ್ನು ಮುಂಚೆಯೇ ಹೇಳಿಬಿಡಬೇಕು, ಇಲ್ಲವಾದರೆ ಗಾಬರಿಯಾಗುತ್ತಾರೆ. ಕ್ಯಾನ್ಸರ್ ಸಿಕ್ಕಿದರೂ ಮರುದಿನವೇ ಶಸ್ತ್ರಚಿಕಿತ್ಸೆ ಎಂದೇನಿಲ್ಲ. ಗ್ರೇಡ್ 1 ಆದರೆ ಸಾಮಾನ್ಯವಾಗಿ ಚಿಕಿತ್ಸೆ ಕೊಡದೆ ನಿಗಾ ಇಡುತ್ತೇವೆ. ಪಿಎಸ್‌ಎಯಿಂದ ಪತ್ತೆಯಾದ, ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ ನೋಡಿದ ಪ್ರೊಟೆಕ್ಟ್ ಅಧ್ಯಯನದಲ್ಲಿ, 15 ವರ್ಷದ ನಂತರ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಯಾವ ಗುಂಪಿನಲ್ಲೂ ನೂರಕ್ಕೆ ಮೂವರ ಆಸುಪಾಸು ಮಾತ್ರ. ಈ ಸಂಖ್ಯೆಯನ್ನು ಅವರಿಗೆ ನೀವೇ ಹೇಳಿ, ನಮ್ಮ ಬಾಯಿಂದ ಬಂದರೆ ಸಮಾಧಾನದ ಮಾತು ಎಂದುಕೊಳ್ಳುತ್ತಾರೆ.

ಇನ್ನು ನೀವು. ತಂದೆಗೆ ಕ್ಯಾನ್ಸರ್ ಇಲ್ಲವೆಂದಾದರೆ 50ರವರೆಗೆ ಇದರ ಗೊಡವೆ ಬೇಡ. ಇದೆ ಎಂದಾದರೆ ನಿಮ್ಮ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಆಗ 45ರ ಹೊತ್ತಿಗೆ ಒಂದು ಪಿಎಸ್‌ಎ ಮಾಡಿಸಿ, ಮೂತ್ರದ ಸೂಚಕವನ್ನಲ್ಲ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆದವರಿದ್ದಾರೆಯೇ ಎಂದೂ ಕೇಳಿ ತಿಳಿದುಕೊಳ್ಳಿ. ಬಿಆರ್‌ಸಿಎ2 ಜೀನಿನ ದೋಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ, ಅಂಥ ಮನೆತನದವರು 40ಕ್ಕೇ ಶುರು ಮಾಡಬೇಕಾಗಬಹುದು. ತಂದೆಯವರಿಗೆ ಬಯಾಪ್ಸಿ ಆದರೆ ವರದಿಯ ಪ್ರತಿಯನ್ನು ನೀವೂ ಒಂದು ಇಟ್ಟುಕೊಳ್ಳಿ. ಒಂಬತ್ತು ವರ್ಷ ಕಳೆದು ನೀವು ವೈದ್ಯರ ಎದುರು ಕೂತಾಗ, ತಂದೆಗೆ ಎಷ್ಟನೇ ವಯಸ್ಸಿನಲ್ಲಿ, ಯಾವ ಗ್ರೇಡ್ ಎಂದು ಅವರು ಕೇಳುತ್ತಾರೆ.